ಮನೆಯೇ ಶಾಲೆಯಾದಾಗ ವರ್ಷದ ಲೆಕ್ಕ

ಮೇ ತಿಂಗಳು ಮುಗಿಯುತ್ತ ಬಂದಿದೆ. ಪುಸ್ತಕದಂಗಡಿಗಳ ಮುಂದೆ ಜನ, ಸಮವಸ್ತ್ರ ಹೊಲಿಯುವವರಿಗೆ ಕೈತುಂಬ ಕೆಲಸ. ಶಾಲೆಗೆ ಹೋಗುವ ಮಕ್ಕಳ ಮನೆಯಲ್ಲಿ ಈ ಹೊತ್ತಿಗೆ ವರ್ಷ ಹೇಗೆ ನಡೆಯುತ್ತದೆ ಎನ್ನುವುದು ಗೊತ್ತಾಗಿಬಿಟ್ಟಿರುತ್ತದೆ. ಶಾಲೆ ಎಂದು ತೆರೆಯುತ್ತದೆ, ದಸರಾ ರಜೆ ಎಷ್ಟು ದಿನ, ಪರೀಕ್ಷೆ ಯಾವಾಗ, ಎಲ್ಲವನ್ನೂ ಇಲಾಖೆಯವರು, ಶಾಲೆಯವರು ಯೋಚಿಸಿ ಕೊಟ್ಟಿರುತ್ತಾರೆ. ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಂದೆತಾಯಿಗೆ ಆ ಅನುಕೂಲ ಇಲ್ಲ. ವೇಳಾಪಟ್ಟಿ ಬರೆಯುವವರು ನಾವೇ, ಪಾಠ ಹೇಳುವವರು ನಾವೇ, ಅದರ ನಡುವೆ ಸಂಪಾದನೆಯ ಕೆಲಸವನ್ನೂ ಅಡುಗೆಯನ್ನೂ ಮಾಡುವವರು ನಾವೇ. ಇಂಥ ಮನೆಯವರು ಒಂದು ವರ್ಷದ ಕಲಿಕೆಯನ್ನು ಹೇಗೆ ಹೊಂದಿಸಿಕೊಳ್ಳಬಹುದು ಎನ್ನುವುದನ್ನು ಇವತ್ತು ನಿಮ್ಮ ಜೊತೆ ಮಾತಾಡಬೇಕೆಂದಿದ್ದೇನೆ.

ಅದಕ್ಕೂ ಮೊದಲು ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ನಾಡಿನ ಬಹುಪಾಲು ಮಕ್ಕಳಿಗೆ ಶಾಲೆಯೇ ಸರಿಯಾದ ಜಾಗ. ಅಲ್ಲಿ ಬಿಸಿಯೂಟ ಇದೆ, ಬೇರೆ ಬೇರೆ ಮನೆಗಳ ಮಕ್ಕಳ ಒಡನಾಟ ಇದೆ, ಓದುಬರಹ ಬಾರದ ತಂದೆತಾಯಿಯ ಮಗುವಿಗೂ ಅಕ್ಷರ ಕಲಿಸುವ ಮೇಷ್ಟ್ರು, ಟೀಚರು ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಆ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಮನೆಯಲ್ಲಿ ಕಲಿಸುವುದರ ಬಗ್ಗೆ ಅದರಲ್ಲಿ ಮಾತೇ ಇಲ್ಲ. ಈ ದಾರಿ ಹಿಡಿಯುವವರು ಇದನ್ನು ತಿಳಿದುಕೊಂಡೇ ಹಿಡಿಯಬೇಕು. ಹೆಣ್ಣುಮಗಳನ್ನು ತಮ್ಮನ ತೊಟ್ಟಿಲು ತೂಗಲು ಮನೆಯಲ್ಲಿ ಉಳಿಸಿಕೊಂಡು, ಹುಡುಗನನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸಿ, ಅದಕ್ಕೆ ಮನೆಶಾಲೆ ಎಂದು ಹೆಸರಿಟ್ಟರೆ ಅದು ಆ ಮಗುವಿನ ಬಾಳಿಗೇ ಮಾಡಿದ ಅನ್ಯಾಯ. ನಾನು ಮಾತಾಡುತ್ತಿರುವುದು ಬೇರೆಯವರ ಬಗ್ಗೆ. ಆರೋಗ್ಯದ ಕಾರಣಕ್ಕೋ, ಕಲಿಕೆಯ ವೇಗ ಬೇರೆ ಇರುವುದಕ್ಕೋ, ಪದೇ ಪದೇ ವರ್ಗವಾಗುವ ನೌಕರಿಯಿಂದಲೋ, ಸಂಗೀತಕ್ಕೋ ಆಟಕ್ಕೋ ಹೆಚ್ಚು ಹೊತ್ತು ಬೇಕಾಗಿರುವುದರಿಂದಲೋ, ಅಥವಾ ಕಲಿಕೆ ಹೀಗಿರಬೇಕು ಎಂಬ ತಮ್ಮದೇ ನಂಬಿಕೆಯಿಂದಲೋ ಮಕ್ಕಳನ್ನು ಮನೆಯಲ್ಲಿ ಓದಿಸಲು ಯೋಚಿಸಿ ತೀರ್ಮಾನಿಸಿದವರ ಬಗ್ಗೆ.

ನಾನು ಮೈಸೂರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆಯುವವಳು, ಅವರ ತೆರಿಗೆಯ ರಿಟರ್ನ್ ಸಲ್ಲಿಸುವವಳು. ನಮ್ಮವರದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಇಬ್ಬರು ಮಕ್ಕಳು. ದೊಡ್ಡವಳದು ಏಳನೇ ತರಗತಿಯ ವಯಸ್ಸು, ಚಿಕ್ಕವನದು ಎರಡನೇ ತರಗತಿಯದು. ಇಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಹಾಗಾಗಿ ಲೆಕ್ಕದವಳ ಕಣ್ಣಿನಿಂದಲೇ ಈ ವಿಷಯವನ್ನು ನೋಡುತ್ತೇನೆ.

ಮನೆಶಾಲೆಯ ವರ್ಷವನ್ನು ಯೋಜಿಸಲು ಕೂತವರು ಸಾಮಾನ್ಯವಾಗಿ ಪಠ್ಯಪುಸ್ತಕದಿಂದ ಶುರು ಮಾಡುತ್ತಾರೆ. ಯಾವ ವಿಷಯ, ಎಷ್ಟು ಪಾಠ, ದಿನಕ್ಕೆ ಎಷ್ಟು ಪುಟ. ಒಂದು ಹಾಳೆಯ ಮೇಲೆ ಬೆಳಗ್ಗೆ ಒಂಬತ್ತರಿಂದ ಮೂರೂವರೆಯವರೆಗೆ ಗೆರೆ ಎಳೆದು ಚೌಕಗಳನ್ನು ತುಂಬುತ್ತಾರೆ. ಜೂನ್ ತಿಂಗಳಲ್ಲಿ ಅದು ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಜುಲೈ ಹೊತ್ತಿಗೆ ಅಮ್ಮನಿಗೆ ಗಂಟಲು ಕಟ್ಟಿರುತ್ತದೆ, ಮಗು ಮುಖ ಊದಿಸಿಕೊಂಡಿರುತ್ತದೆ, ಆಗಸ್ಟ್‌ನಲ್ಲಿ ಹಾಳೆ ಕಳಚಿ ಬೀಳುತ್ತದೆ. ತಪ್ಪು ಮಗುವಿನದಲ್ಲ, ಪುಸ್ತಕದ್ದೂ ಅಲ್ಲ. ಲೆಕ್ಕ ಹಾಕಲು ಹಿಡಿದ ತುದಿಯೇ ತಪ್ಪು. ನಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ ಎಂದು ಮೊದಲು ಎಣಿಸಬೇಕು. ಪುಸ್ತಕ ಆಮೇಲೆ.

ಹೇಗೆ ಎಣಿಸುವುದು? ದೊಡ್ಡ ಅಂಕಿಗಳ ಗೋಡೆ ಕ್ಯಾಲೆಂಡರ್ ಒಂದನ್ನು ಕೆಳಗಿಳಿಸಿ ನೆಲದ ಮೇಲೆ ಹರಡಿಕೊಳ್ಳಿ. ನೀವು ಕಲಿಸಲು ಆಗದ ದಿನಗಳನ್ನು ಮೊದಲು ಹೊಡೆದು ಹಾಕಿ. ನನ್ನ ಕೆಲಸದಲ್ಲಿ ಪ್ರತಿ ತಿಂಗಳ 11 ಮತ್ತು 20ನೇ ತಾರೀಕು ಜಿಎಸ್‌ಟಿ ರಿಟರ್ನ್‌ಗಳ ಗಡುವು. ಅದರ ಹಿಂದಿನ ಎರಡು ಮೂರು ದಿನ ಮಕ್ಕಳ ಪಕ್ಕ ಕೂರಲು ನನಗೆ ಆಗುವುದೇ ಇಲ್ಲ. ಆದಾಯ ತೆರಿಗೆಯ ಜುಲೈ ತಿಂಗಳು, ಆಡಿಟ್ ವರದಿಗಳ ಸೆಪ್ಟೆಂಬರ್, ಲೆಕ್ಕದ ವರ್ಷ ಮುಗಿಯುವ ಮಾರ್ಚ್, ಇವು ಮೂರೂ ನನ್ನ ಪಾಲಿಗೆ ಬಿಗಿ ತಿಂಗಳು. ನಿಮ್ಮದು ಬೇರೆ ಇರುತ್ತದೆ. ಟೈಲರಿಂಗ್ ಮಾಡುವವರಿಗೆ ಮದುವೆ ಹಂಗಾಮು, ಗದ್ದೆಯವರಿಗೆ ನಾಟಿ ಮತ್ತು ಕೊಯ್ಲು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರಿಗೆ ರಾತ್ರಿ ಪಾಳಿಯ ವಾರ. ಕೆಲಸದ ಬಿಗಿ ದಿನಗಳು ಯಾವುವು ಎಂದು ನಮಗೆ ಗೊತ್ತಿರುತ್ತದೆ. ಮಕ್ಕಳ ವೇಳಾಪಟ್ಟಿ ಬರೆಯುವಾಗ ಮಾತ್ರ ಅವು ಬರುವುದೇ ಇಲ್ಲ ಎನ್ನುವ ಹಾಗೆ ಬರೆಯುತ್ತೇವೆ.

ಆಮೇಲೆ ಹಬ್ಬಗಳು. ಗೌರಿ-ಗಣೇಶ, ದಸರಾ, ದೀಪಾವಳಿ, ಸಂಕ್ರಾಂತಿ, ಯುಗಾದಿ, ಊರಿನ ಜಾತ್ರೆ. ರಂಜಾನ್ ಅಥವಾ ಕ್ರಿಸ್‌ಮಸ್ ಆಚರಿಸುವ ಮನೆಯಲ್ಲಿ ಆ ದಿನಗಳು. ಮೈಸೂರಿನವರಿಗಂತೂ ದಸರೆಯ ಹತ್ತು ದಿನ ಪುಸ್ತಕ ತೆರೆಯಿರಿ ಎಂದು ಮಕ್ಕಳಿಗೆ ಹೇಳುವುದೇ ತಪ್ಪು. ಆಮೇಲೆ ನೆಂಟರ ಮನೆಯ ಮದುವೆಗಳು, ಮಳೆಗಾಲದಲ್ಲಿ ತಪ್ಪದೆ ಬರುವ ನೆಗಡಿ-ಜ್ವರ. ಇಷ್ಟನ್ನೂ ತೆಗೆದರೆ 52 ವಾರಗಳಲ್ಲಿ ನೆಟ್ಟಗೆ ಪಾಠ ನಡೆಯುವ 36 ವಾರ ಸಿಕ್ಕರೆ ಅದು ಒಳ್ಳೆಯ ವರ್ಷ. ವಾರಕ್ಕೆ ಐದು ದಿನ ಎಂದರೆ 180 ದಿನ.

ಇದು ಕಡಿಮೆ ಆಯಿತೇ ಎಂದು ಹೆದರುವವರಿಗೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೇ ತೋರಿಸುತ್ತೇನೆ. ಒಂದರಿಂದ ಐದನೇ ತರಗತಿಗೆ ಶಾಲೆಯಲ್ಲಿ ವರ್ಷಕ್ಕೆ 200 ಕೆಲಸದ ದಿನ, 800 ಬೋಧನೆಯ ಗಂಟೆ ಇರಬೇಕು. ಆರರಿಂದ ಎಂಟನೇ ತರಗತಿಗೆ 220 ದಿನ, 1000 ಗಂಟೆ. ಎಂದರೆ ದಿನಕ್ಕೆ ನಾಲ್ಕು, ನಾಲ್ಕೂವರೆ ಗಂಟೆ. ಅದೇ ಅನುಸೂಚಿಯ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳು, ಹಿರಿಯ ಪ್ರಾಥಮಿಕದಲ್ಲಿ 35. ಮೂವತ್ತು ಮಕ್ಕಳ ತರಗತಿಯಲ್ಲಿ ಹಾಜರಿ ಕರೆಯಬೇಕು, ಎಲ್ಲರೂ ಬರೆದು ಮುಗಿಸುವವರೆಗೆ ಕಾಯಬೇಕು, ಮೂವತ್ತು ನೋಟ್‌ಬುಕ್ ತಿದ್ದಬೇಕು. ಮನೆಯಲ್ಲಿ ಮಗು ತಪ್ಪು ಮಾಡಿದ ಗಳಿಗೆಯಲ್ಲೇ ನಮಗೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೇ ತರಗತಿಯ ವಯಸ್ಸಿನ ಮಗು ಕೂತು ಕಲಿಯಲು ದಿನಕ್ಕೆ ಒಂದೂವರೆ ಗಂಟೆ ಸಾಕು, ಏಳನೆಯ ತರಗತಿಯ ವಯಸ್ಸಿಗೆ ಮೂರು ಗಂಟೆ. ಉಳಿದ ಹೊತ್ತು ಓದುವುದಕ್ಕೆ, ಕೈಕೆಲಸಕ್ಕೆ, ಓಡಾಟಕ್ಕೆ, ಆಟಕ್ಕೆ, ಸುಮ್ಮನೆ ಕೂರುವುದಕ್ಕೆ. ಮನೆಯಲ್ಲಿ ಆರು ಗಂಟೆ ಪಾಠ ನಡೆಸಲು ಹೊರಡುವವರು ಶಾಲೆಯ ಗಂಟೆಯನ್ನು ಮಾತ್ರ ಮನೆಗೆ ತಂದಿರುತ್ತಾರೆ, ಮನೆಯ ಅನುಕೂಲವನ್ನು ಬಳಸಿಕೊಂಡಿರುವುದಿಲ್ಲ.

ಈಗ ಪುಸ್ತಕವನ್ನು ಕೈಗೆತ್ತಿಕೊಳ್ಳಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ದುಬಾರಿ ಸೆಟ್ಟುಗಳನ್ನು ತರಿಸುವ ಮೊದಲು ಅವನ್ನು ತೆರೆದು ನೋಡಿ. ಒಂದು ವಿಷಯದಲ್ಲಿ ಎಷ್ಟು ಪಾಠವಿದೆಯೋ ಅದನ್ನು 36 ವಾರಕ್ಕೆ ಹಂಚಬೇಡಿ, 30 ವಾರಕ್ಕೆ ಹಂಚಿ. ಆರು ವಾರ ಖಾಲಿ ಇರಲಿ. ಹಾಲು ಕಾಯಿಸುವ ಪಾತ್ರೆಯನ್ನು ಯಾರೂ ಅಂಚಿನವರೆಗೆ ತುಂಬುವುದಿಲ್ಲ. ಆ ಖಾಲಿ ವಾರಗಳು ಖಾಲಿಯಾಗಿ ಉಳಿಯುವುದಿಲ್ಲ. ಭಿನ್ನರಾಶಿಯ ಹತ್ತಿರ ಮಗು ನಿಂತುಬಿಡುತ್ತದೆ, ಎರಡು ವಾರ ಅಲ್ಲಿಗೆ ಹೋಗುತ್ತದೆ. ಅಜ್ಜಿಗೆ ಕಣ್ಣಿನ ಆಪರೇಷನ್, ಒಂದು ವಾರ ಅಲ್ಲಿಗೆ. ಹೀಗೆ ಜಾಗ ಬಿಟ್ಟಿದ್ದರೆ ವರ್ಷ ಉಸಿರಾಡುತ್ತದೆ. ಬಿಡದಿದ್ದರೆ ನವೆಂಬರ್‌ನಿಂದಲೇ ನಾವು ಹಿಂದುಳಿದಿದ್ದೇವೆ ಎಂಬ ಭಾವನೆ ಮನೆಯೊಳಗೆ ಬಂದು ಕೂರುತ್ತದೆ. ಅದು ಮಗುವಿನ ಮೇಲೆ ಸಿಡುಕಾಗಿ ಹೊರಗೆ ಬರುತ್ತದೆ.

ಇನ್ನು ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಅದನ್ನು ನಾನು ಕಲಿತದ್ದು ನಮ್ಮ ಸರ್ಕಾರಿ ಶಾಲೆಯಿಂದಲೇ.

ನಲಿ-ಕಲಿ ಎಂಬ ಕಲಿಕೆಯ ಕ್ರಮ ನಿಮಗೆ ಗೊತ್ತಿರಬಹುದು. 1990ರ ದಶಕದ ಮಧ್ಯದಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ಹೋಗಿ ನೋಡಿ ಬಂದ ನಮ್ಮ ಶಿಕ್ಷಕರು ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ತಯಾರಿಸಿದರು. ಅವರ ಕಷ್ಟ ಏನಿತ್ತು? ಒಬ್ಬರೇ ಟೀಚರು, ಒಂದೇ ಕೋಣೆ, ಒಂದು-ಎರಡು-ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ. ಬಿತ್ತನೆಗೆಂದೋ ಕೊಯ್ಲಿಗೆಂದೋ ಹದಿನೈದು ದಿನ ಬಾರದೆ ಉಳಿದ ಮಗು ವಾಪಸ್ ಬಂದರೆ ಪಾಠ ಮುಂದೆ ಹೋಗಿಬಿಟ್ಟಿರುತ್ತಿತ್ತು. ಕೆಲಸ ಮಾಡುವ ತಾಯಿಯ ಮನೆಶಾಲೆಯ ಕಷ್ಟವೂ ಇದೇ ಅಲ್ಲವೇ? ಒಬ್ಬಳೇ ತಾಯಿ, ಬೇರೆ ಬೇರೆ ವಯಸ್ಸಿನ ಮಕ್ಕಳು, ನಡುನಡುವೆ ತಪ್ಪಿಹೋಗುವ ದಿನಗಳು.

ನಲಿ-ಕಲಿಯವರು ಇದಕ್ಕೆ ಎರಡು ಉಪಾಯ ಮಾಡಿದರು. ಒಂದು, ಕಲಿಕಾ ಏಣಿ. ಪಾಠವನ್ನು ತಾರೀಕಿಗೆ ಕಟ್ಟದೆ ಮೆಟ್ಟಿಲುಗಳಾಗಿ ಒಡೆದು ಗೋಡೆಗೆ ಹಾಕಿದರು. ಮಗು ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ಇನ್ನೊಂದು, ತಟ್ಟೆಗಳು. ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ, ಆ ಹೊತ್ತಿನ ಕೆಲಸಕ್ಕೆ ಎಷ್ಟು ನೆರವು ಬೇಕು ಎನ್ನುವುದರ ಪ್ರಕಾರ ಗುಂಪು ಮಾಡಿದರು. ಪೂರ್ತಿಯಾಗಿ ಶಿಕ್ಷಕರ ಸಹಾಯ ಬೇಕಾದವರದು ಒಂದು ತಟ್ಟೆ, ಅರ್ಧ ಸಹಾಯ ಬೇಕಾದವರದು ಇನ್ನೊಂದು, ಗೆಳೆಯರ ಸಹಾಯದಿಂದ ಕಲಿಯುವವರದು ಮತ್ತೊಂದು, ತಾವೇ ಮಾಡಿಕೊಳ್ಳುವವರದು ಬೇರೆ. ಟೀಚರಿಗೆ ತಾನು ಎಲ್ಲಿ ಕೂರಬೇಕು ಎನ್ನುವುದು ಸ್ಪಷ್ಟವಾಯಿತು.

ಈ ತಟ್ಟೆಯ ಉಪಾಯವನ್ನು ಮನೆಗೆ ತನ್ನಿ ಎಂದು ನಾನು ಕೇಳಿಕೊಳ್ಳುತ್ತೇನೆ. ಮಗು ಈ ತಿಂಗಳು ಕಲಿಯಬೇಕಾದ್ದನ್ನು ಗಣಿತ, ವಿಜ್ಞಾನ, ಸಮಾಜ ಎಂದು ವಿಂಗಡಿಸುವ ಮೊದಲು, ನಮ್ಮಿಂದ ಎಷ್ಟು ಬೇಕು ಎಂದು ವಿಂಗಡಿಸಿ. ಹೊಸ ಭಾಗಾಕಾರ ಕಲಿಸುವುದು, ಚಿಕ್ಕ ಮಗುವಿಗೆ ಒತ್ತಕ್ಷರ ಓದಿಸುವುದು, ದೊಡ್ಡ ಮಗುವಿನ ಪ್ರಬಂಧ ತಿದ್ದುವುದು, ಇವಕ್ಕೆ ನಾವು ಪಕ್ಕದಲ್ಲೇ ಇರಬೇಕು. ಕಲಿತ ಲೆಕ್ಕದ ಅಭ್ಯಾಸ, ವಿಜ್ಞಾನದ ಪಾಠ ಓದಿ ಪ್ರಶ್ನೆಗೆ ಉತ್ತರ ಬರೆಯುವುದು, ನಕಾಶೆ ತುಂಬುವುದು, ಇವಕ್ಕೆ ನಾವು ಅದೇ ಕೋಣೆಯಲ್ಲಿ ನಮ್ಮ ಕೆಲಸ ಮಾಡುತ್ತ ಇದ್ದರೆ ಸಾಕು, ಕೇಳಿದರೆ ಹೇಳಬೇಕು. ಅಕ್ಕ ತಮ್ಮನಿಗೆ ಕಥೆ ಓದುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಅಜ್ಜಿಯ ಜೊತೆ ಅಳಗುಳಿಮಣೆ ಆಡುವುದು, ಒಗಟು ಹೇಳಿಸಿಕೊಳ್ಳುವುದು, ಇವಕ್ಕೆ ನಾವು ಬೇಕಾಗಿಲ್ಲ, ಮನೆಯಲ್ಲಿ ಇನ್ನೊಬ್ಬರಿದ್ದರೆ ಆಯಿತು. ಕಥೆ ಪುಸ್ತಕ ಓದುವುದು, ಕಾಪಿ ಬರೆಯುವುದು, ಚಿತ್ರ, ಹೊಲಿಗೆ, ಗಿಡಕ್ಕೆ ನೀರು ಹಾಕಿ ಬೆಳವಣಿಗೆ ಅಳೆದು ಬರೆಯುವುದು, ರೇಡಿಯೋದಲ್ಲಿ ‘ಕೇಳಿ ಕಲಿ’ಯಂಥ ಶಾಲಾ ಪಾಠ ಕೇಳುವುದು, ಇವೆಲ್ಲ ಮಗು ತಾನೇ ಮಾಡಿಕೊಳ್ಳುವಂಥವು.

ಈಗ ಕ್ಯಾಲೆಂಡರನ್ನೂ ಈ ನಾಲ್ಕು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಬಿಡುವಿನ ವಾರಗಳಿಗೆ ಮೊದಲ ಪಟ್ಟಿ. ಹೊಸದನ್ನೆಲ್ಲ ಆಗಲೇ ಕಲಿಸಿಬಿಡಿ. ಗಡುವಿನ ದಿನಗಳಿಗೆ ಕೊನೆಯ ಎರಡು ಪಟ್ಟಿ. ನಮ್ಮ ಮನೆಯಲ್ಲಿ 18, 19, 20ನೇ ತಾರೀಕಿನಂದು ಹೊಸ ಪಾಠ ಇಲ್ಲವೇ ಇಲ್ಲ. ಅದು ಓದಿನ ಹೊತ್ತು, ಅಭ್ಯಾಸದ ಹೊತ್ತು, ಕೈಕೆಲಸದ ಹೊತ್ತು. ಮಕ್ಕಳಿಗೂ ಇದು ಗೊತ್ತು, ಆ ದಿನಗಳಿಗಾಗಿಯೇ ಒಳ್ಳೆಯ ಪುಸ್ತಕಗಳನ್ನು ತೆಗೆದಿಟ್ಟುಕೊಂಡಿರುತ್ತಾರೆ. ಜುಲೈ ತಿಂಗಳನ್ನು ಪೂರ್ತಿಯಾಗಿ ಪುನರಾವರ್ತನೆಗೂ ಓದಿಗೂ ಬಿಟ್ಟು, ಆಗಸ್ಟ್‌ನಲ್ಲಿ ಗಣಿತವನ್ನು ಜೋರಾಗಿ ಹಿಡಿಯುವುದು ನಮ್ಮ ಮನೆಗೆ ಹೊಂದುತ್ತದೆ. ಶಾಲೆಯ ಮಕ್ಕಳು ಜೂನ್‌ನಲ್ಲಿ ಯಾವ ಪಾಠದಲ್ಲಿದ್ದಾರೆ ಎಂದು ನೋಡಿಕೊಂಡು ಓಡುವ ಅಗತ್ಯವೇ ಇಲ್ಲ.

ದಿನದ ವೇಳಾಪಟ್ಟಿಯ ಬಗ್ಗೆಯೂ ಎರಡು ಮಾತು. ಕನ್ನಡದ ಓದು-ಬರಹ ಮತ್ತು ಗಣಿತ, ಇವೆರಡು ಪ್ರತಿ ದಿನ ಇರಲಿ. ಅದರಲ್ಲೂ ಬೆಳಗಿನ ಹೊತ್ತು. ಉಳಿದ ವಿಷಯಗಳಿಗೆ ದಿನ ಗೊತ್ತುಮಾಡಬೇಡಿ, ಸರದಿ ಗೊತ್ತುಮಾಡಿ. ಇಂಗ್ಲಿಷ್, ವಿಜ್ಞಾನ, ಸಮಾಜ, ಹಿಂದಿ, ಚಿತ್ರಕಲೆ ಎಂದು ಒಂದರ ಕೆಳಗೆ ಒಂದು ಬರೆದುಕೊಳ್ಳಿ. ಇವತ್ತು ಎರಡು, ನಾಳೆ ಅದರ ಮುಂದಿನ ಎರಡು. ಬುಧವಾರ ವಿಜ್ಞಾನ ಎಂದು ಬರೆದಿಟ್ಟರೆ, ಬುಧವಾರವೇ ಗ್ಯಾಸ್ ಸಿಲಿಂಡರ್ ಬರುತ್ತದೆ, ಪ್ಲಂಬರ್ ಬರುತ್ತಾನೆ, ನೆಂಟರು ಬರುತ್ತಾರೆ. ಮೂರು ಬುಧವಾರ ಹಾಗಾದರೆ ಆ ತಿಂಗಳು ವಿಜ್ಞಾನ ಇಲ್ಲದ ಹಾಗೆಯೇ. ಸರದಿಯಲ್ಲಿ ಆ ಭಯ ಇಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ.

ಕನ್ನಡಕ್ಕೂ ಬಂದಿರುವ ‘ತೊತ್ತೋಚಾನ್’ ಪುಸ್ತಕವನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಟೋಕಿಯೋದ ತೊಮೊಯೆ ಶಾಲೆಯಲ್ಲಿ ರೈಲುಬೋಗಿಗಳೇ ತರಗತಿಯಾಗಿದ್ದದ್ದು ಎಲ್ಲರ ನೆನಪಿನಲ್ಲಿ ಉಳಿದಿರುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿನ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವರ ಇನ್ನೊಂದು ಕ್ರಮ. ದಿನದ ಎಲ್ಲ ವಿಷಯಗಳ ಕೆಲಸವನ್ನು ಟೀಚರು ಬೆಳಗ್ಗೆಯೇ ಹಲಗೆಯ ಮೇಲೆ ಬರೆದುಬಿಡುತ್ತಿದ್ದರು. ಯಾವುದನ್ನು ಮೊದಲು ಮಾಡಬೇಕು ಎನ್ನುವುದನ್ನು ಮಗುವೇ ಆರಿಸಿಕೊಳ್ಳುತ್ತಿತ್ತು. ಮನೆಯಲ್ಲಿ ಇದನ್ನು ಮಾಡುವುದು ಎಷ್ಟು ಸುಲಭ! ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ನಾಳೆಯ ಐದಾರು ಕೆಲಸ ಬರೆದು ಮಗುವಿನ ಪುಸ್ತಕದ ಮೇಲಿಟ್ಟರೆ ಆಯಿತು. ನಾವು ಬೆಳಗ್ಗೆ ಫೋನಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೂ ಮಗು ಚೀಟಿ ನೋಡಿ ಶುರು ಮಾಡುತ್ತದೆ. ಏನು ಮಾಡಲಿ ಅಮ್ಮ ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುವುದು ನಿಲ್ಲುತ್ತದೆ. ತನ್ನ ಕೆಲಸ ತನ್ನದು ಎಂಬ ಭಾವನೆ ಮಗುವಿಗೆ ಬರುವುದು ಇಂಥ ಚೀಟಿಯಿಂದಲೇ ಎಂದು ನಾನು ನಂಬುತ್ತೇನೆ.

ಈ ಚೀಟಿಗಳು ತಾವಾಗಿ ಹುಟ್ಟುವುದಿಲ್ಲ. ಭಾನುವಾರ ಸಂಜೆ ಅರ್ಧ ಗಂಟೆ ಅವುಗಳ ಸಿದ್ಧತೆಗೆ ಬೇಕು. ಮುಂದಿನ ವಾರಕ್ಕೆ ಬೇಕಾದ ಪುಸ್ತಕ, ಬಣ್ಣ, ಗ್ರಾಫ್ ಹಾಳೆ, ಅಳತೆಪಟ್ಟಿ ಎಲ್ಲವನ್ನೂ ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿಯಲ್ಲಿ ಹಾಕಿಡಿ. ಪಾಠದ ಮಧ್ಯೆ ಕಂಪಾಸ್ ಹುಡುಕಲು ಎದ್ದ ಮಗು ವಾಪಸ್ ಬರುವ ಹೊತ್ತಿಗೆ ನಮ್ಮ ಬಿಡುವು ಮುಗಿದಿರುತ್ತದೆ.

ಯೋಜನೆಯೊಳಗೆ ಮನೆಯ ಬದುಕನ್ನೇ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ಲಾಭದ ಕೆಲಸ. ನಮ್ಮವರ ಊರು ಶಿರಸಿಯ ಕಡೆ. ಅಡಿಕೆ ತೋಟದ ಮನೆ. ದೀಪಾವಳಿ ಕಳೆದ ಮೇಲೆ ಕೊನೆಕೊಯ್ಲು ಶುರುವಾದರೆ ಮಕ್ಕಳು ಅಲ್ಲಿಗೇ ಹೋಗುತ್ತಾರೆ. ಆ ವಾರಗಳನ್ನು ನಾನು ಕ್ಯಾಲೆಂಡರಿನಲ್ಲಿ ರಜೆ ಎಂದು ಬರೆಯುವುದಿಲ್ಲ. ಅಡಿಕೆಯ ಕೊನೆ ಕೊಯ್ಯುವ ಕೊನೆಗೌಡ ಮರದ ಮೇಲಿಂದ ಮರಕ್ಕೆ ದಾಟುವುದನ್ನು ನೋಡುವುದು, ಸುಲಿದ ಅಡಿಕೆ ಬೇಯಿಸುವ ಹಂಡೆಯ ನೀರು ಚೊಗರಾಗಿ ಕೆಂಪಾಗುವುದನ್ನು ನೋಡುವುದು, ಯಾಕೆ ಹಾಗಾಗುತ್ತದೆ ಎಂದು ಕೇಳುವುದು, ಇವೆಲ್ಲ ವಿಜ್ಞಾನ. ನೂರು ಕೆಜಿ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಹನ್ನೆರಡು ಹದಿಮೂರು ಕೆಜಿ ಉಳಿಯುತ್ತದೆ. ಶೇಕಡಾವಾರು ಲೆಕ್ಕವನ್ನು ದೊಡ್ಡವಳು ಪೂರ್ತಿ ಅರ್ಥ ಮಾಡಿಕೊಂಡದ್ದು ಅಲ್ಲಿ, ಅಜ್ಜನ ಲೆಕ್ಕದ ಪುಸ್ತಕದ ಮುಂದೆ. ಮಾರುಕಟ್ಟೆಯ ಧಾರಣೆ ದಿನವೂ ಪತ್ರಿಕೆಯಲ್ಲಿ ಬರುತ್ತದೆ, ಅದನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಅದೂ ಗಣಿತವೇ. ನಿಮ್ಮ ಮನೆಯಲ್ಲಿ ರೇಷ್ಮೆ ಇರಬಹುದು, ಬೇಕರಿ ಇರಬಹುದು, ಮೀನಿನ ವ್ಯಾಪಾರ ಇರಬಹುದು. ಅದರಲ್ಲಿ ಕಲಿಯುವಂಥದ್ದು ಯಾವ ತಿಂಗಳು ಹೆಚ್ಚು ಎಂದು ಮೊದಲೇ ನೋಡಿಕೊಂಡರೆ ಪಠ್ಯದ ಆ ಪಾಠವನ್ನು ಅಲ್ಲಿಗೆ ಜೋಡಿಸಬಹುದು. ಒಂದೇ ಎಚ್ಚರ. ನೋಡುವುದು, ಕೇಳುವುದು, ಕೈಹಾಕಿ ಕಲಿಯುವುದು ಬೇರೆ, ಕೂಲಿ ಆಳಿನ ಬದಲು ಮಗುವನ್ನು ದುಡಿಸಿಕೊಳ್ಳುವುದು ಬೇರೆ. ಆ ಗೆರೆಯನ್ನು ದೊಡ್ಡವರು ಕಾಯಬೇಕು.

ಊರಿನೊಳಗೂ ಜಾಗಗಳಿವೆ. ಮೈಸೂರಿನವರಿಗೆ 1892ರಿಂದ ಇರುವ ಮೃಗಾಲಯ, ಕಾರಂಜಿ ಕೆರೆಯ ಪಕ್ಕದ ಪ್ರಕೃತಿ ವಿಜ್ಞಾನ ಸಂಗ್ರಹಾಲಯ, ರೈಲ್ವೆ ಮ್ಯೂಸಿಯಂ. ಬೆಂಗಳೂರಿನವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ಸಂಗ್ರಹಾಲಯ, ನೆಹರೂ ತಾರಾಲಯ. ಕರಾವಳಿಯವರಿಗೆ ಪಿಲಿಕುಳ ನಿಸರ್ಗಧಾಮ, ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದ ಬಾಲವನ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ. ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ವಾರಕ್ಕೊಂದು ಸಂಜೆ ಗ್ರಂಥಾಲಯಕ್ಕೆ ಎಂದು ಬರೆದಿಟ್ಟುಬಿಡಿ. ಬೇರೆ ಮಕ್ಕಳ ಜೊತೆ ಬೆರೆಯುವ ಹೊತ್ತೂ ಹೀಗೆಯೇ ಕ್ಯಾಲೆಂಡರಿನ ಮೇಲೆ ಕಾಣಬೇಕು. ಸಂಜೆಯ ಕಬಡ್ಡಿ, ಸಂಗೀತದ ತರಗತಿ, ಬೀದಿಯ ಮಕ್ಕಳ ಜೊತೆ ಆಟ, ಇವು ಉಳಿದ ಹೊತ್ತಿನಲ್ಲಿ ಆದರೆ ಆಗಲಿ ಎನ್ನುವಂಥವಲ್ಲ. ಮನೆಯಲ್ಲಿ ಕಲಿಯುವ ಮಗುವಿಗೆ ಇವು ಗಣಿತದಷ್ಟೇ ಮುಖ್ಯ.

ಇನ್ನು ದಾಖಲೆ. ಕೆಲಸದ ಒತ್ತಡದಲ್ಲಿ ಇದನ್ನು ಮುಂದೂಡುವವರೇ ಹೆಚ್ಚು. ಆದರೆ ಮುಂದೆ ದಾರಿ ತೆರೆಯುವುದು ದಾಖಲೆಯಿಂದಲೇ. ದೊಡ್ಡ ಲೆಡ್ಜರ್ ಬೇಕಾಗಿಲ್ಲ. ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ವಾರಕ್ಕೆ ಒಂದು ಪುಟ. ಏನು ಓದಿದರು, ಯಾವ ಲೆಕ್ಕ ಬಂತು, ಯಾವುದು ಬರಲಿಲ್ಲ, ಎಲ್ಲಿಗೆ ಹೋಗಿದ್ದರು. ತಾರೀಕು ಹಾಕಿ. ತಿಂಗಳಿಗೊಮ್ಮೆ ಮಗುವಿನ ಬರಹದ ಒಂದು ಹಾಳೆಯನ್ನು ಫೈಲಿಗೆ ಸೇರಿಸಿ. ನಮಗೇ ಅದರಿಂದ ಧೈರ್ಯ ಬರುತ್ತದೆ. ಏನೂ ಕಲಿಯಲಿಲ್ಲ ಎಂದು ಅನ್ನಿಸಿದ ತಿಂಗಳಲ್ಲಿ ಜೂನ್‌ನ ಹಾಳೆಯನ್ನೂ ಡಿಸೆಂಬರಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಮಗು ಮುಂದೆ ಶಾಲೆಗೆ ಸೇರಬೇಕು ಎನಿಸಿದರೆ ಬಾಗಿಲು ಮುಚ್ಚಿರುವುದಿಲ್ಲ. ಶಾಲೆಗೆ ಸೇರದೇ ಇದ್ದ ಅಥವಾ ಮಧ್ಯದಲ್ಲಿ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಬೇಕಾದರೆ ವಿಶೇಷ ತರಬೇತಿ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹತ್ತನೇ ತರಗತಿಗೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಇಲ್ಲವೇ ಎನ್‌ಐಒಎಸ್ ಎಂದು ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಕೇಂದ್ರ ಸರ್ಕಾರ ಅದನ್ನು 1989ರಲ್ಲಿ ಸ್ಥಾಪಿಸಿತು. ಅಲ್ಲಿ ಹತ್ತನೆಯ ತರಗತಿಗೆ ಸಮನಾದ ಸೆಕೆಂಡರಿ ಕೋರ್ಸಿಗೆ ಮಗುವಿಗೆ 14 ವರ್ಷ ತುಂಬಿರಬೇಕು. ಎಂಟನೇ ತರಗತಿಯ ಸರ್ಟಿಫಿಕೇಟ್ ಇಲ್ಲದಿದ್ದರೆ, ಈ ಕೋರ್ಸ್ ಓದುವಷ್ಟು ಕಲಿತಿದ್ದೇನೆ ಎಂದು ಸ್ವಯಂ ಘೋಷಣೆ ಬರೆದುಕೊಡಬಹುದು. ಐದು ವಿಷಯ ಪಾಸಾಗಬೇಕು. ಒಮ್ಮೆ ಸೇರಿದರೆ ಐದು ವರ್ಷದವರೆಗೆ ನೋಂದಣಿ ನಡೆಯುತ್ತದೆ, ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶ ಇದೆ. ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಐದನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ಈ ಸಲ ಎರಡು, ಮುಂದಿನ ಸಲ ಮೂರು ಎಂದು ಹಂಚಿಕೊಳ್ಳಬಹುದು. ಬಿಗಿ ಕೆಲಸದ ತಂದೆತಾಯಿಗೆ ಇದು ದೊಡ್ಡ ಅನುಕೂಲ. ನಿಮ್ಮ ಮಗುವಿಗೆ ಹನ್ನೆರಡು ದಾಟಿದ್ದರೆ ಅಲ್ಲಿನ ವಿಷಯಪಟ್ಟಿಯನ್ನು ಈಗಲೇ ತೆರೆದು ನೋಡಿ. ಯಾವ ಐದು ವಿಷಯ ಎನ್ನುವುದು ನಿಶ್ಚಯವಾದರೆ ಮುಂದಿನ ಎರಡು ವರ್ಷದ ದಿಕ್ಕು ತಾನಾಗಿ ಗೊತ್ತಾಗುತ್ತದೆ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ, ಆಧಾರ್‌ನಲ್ಲಿರುವ ಹೆಸರು ಎರಡೂ ಒಂದೇ ಇವೆಯೇ ಎಂದು ಈ ರಜೆಯಲ್ಲೇ ನೋಡಿಕೊಳ್ಳಿ. ತಿದ್ದುಪಡಿಗೆ ಅಲೆಯುವ ಕೆಲಸ ಪರೀಕ್ಷೆಯ ಅರ್ಜಿಯ ಹೊತ್ತಿಗೆ ಬೇಡ.

ತಿಂಗಳಿಗೊಮ್ಮೆ ಯೋಜನೆಯನ್ನು ಮಗುವಿನ ಜೊತೆ ಕೂತು ನೋಡಬೇಕು. ಯಾವುದು ಇಷ್ಟವಾಯಿತು, ಯಾವುದು ಬೇಜಾರು, ಏನನ್ನು ಬಿಡೋಣ. ಬಿಡುವುದಕ್ಕೆ ಹಿಂಜರಿಯಬೇಡಿ. ಹಿಂದಿಯನ್ನು ಆರು ತಿಂಗಳು ಮುಂದಕ್ಕೆ ಹಾಕಿದರೆ ಯಾರ ಭವಿಷ್ಯವೂ ಕೆಡುವುದಿಲ್ಲ. ಓದಿನ ಮೇಲಿನ ಆಸೆ ಹೋದರೆ ಮಾತ್ರ ಅದನ್ನು ವಾಪಸ್ ತರುವುದು ಬಹಳ ಕಷ್ಟ.

ಕೊನೆಯದಾಗಿ ಈ ಮಾತನ್ನು ಕೇಳುತ್ತಿರುವ ತಂದೆಯರಿಗೆ ಹೇಳಬೇಕಾದ್ದಿದೆ. ನಾನು ಕಂಡ ಮನೆಶಾಲೆಗಳಲ್ಲಿ ಹೆಚ್ಚಿನವು ತಾಯಿಯೊಬ್ಬಳ ಬೆನ್ನ ಮೇಲೆ ನಡೆಯುತ್ತವೆ. ಮಕ್ಕಳನ್ನು ಮನೆಯಲ್ಲೇ ಓದಿಸೋಣ ಎಂದು ಇಬ್ಬರೂ ಒಟ್ಟಿಗೆ ತೀರ್ಮಾನಿಸಿರುತ್ತಾರೆ. ಪಾಠ, ಪುಸ್ತಕ, ಚೀಟಿ, ದಾಖಲೆ, ನೆಂಟರ ಪ್ರಶ್ನೆಗೆ ಉತ್ತರ, ಎಲ್ಲವೂ ಅವಳ ಪಾಲಿಗೆ ಬರುತ್ತವೆ. ಅವಳ ನೌಕರಿಯೂ ಜೊತೆಗೆ ಇರುತ್ತದೆ. ಹೀಗೆ ನಡೆದ ಮನೆಶಾಲೆ ಎರಡು ಮೂರು ವರ್ಷದಲ್ಲಿ ಸೋತುಬಿಡುತ್ತದೆ, ಅದರ ಜೊತೆ ಅವಳ ಆರೋಗ್ಯವೂ ಸೋಲುತ್ತದೆ. ಸಹಾಯ ಮಾಡುತ್ತೇನೆ ಎಂದು ಹೇಳಿದರೆ ಸಾಲದು. ಈ ಭಾನುವಾರ ಕ್ಯಾಲೆಂಡರ್ ಹರಡಿಕೊಂಡಾಗ ನೀವೂ ಪೆನ್ನು ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ನಿಮ್ಮ ಪಾಳಿ, ನಿಮ್ಮ ರಜೆ ಎಲ್ಲವನ್ನೂ ಅದರಲ್ಲಿ ಬರೆಯಿರಿ. ವಾರದಲ್ಲಿ ಎರಡು ದಿನದ ಗಣಿತವೋ, ಶನಿವಾರದ ಗ್ರಂಥಾಲಯವೋ, ರಾತ್ರಿಯ ಕಥೆಯ ಓದೋ, ಒಂದನ್ನು ಪೂರ್ತಿಯಾಗಿ ನಿಮ್ಮ ಹೆಸರಿಗೆ ಬರೆದುಕೊಳ್ಳಿ, ವರ್ಷ ಪೂರ್ತಿ ಅದನ್ನು ನೀವೇ ನಡೆಸಿ.